ಹೊಳೆಯ ಅಳತೆ ಅದರ ಮಹಾಪೂರದಲ್ಲಿದೆ

ಬಳ್ಳಾರಿಯ ಬಿಸಿಲಿನಲ್ಲಿ ಹಿಮನದಿಯ ಮಾತೆತ್ತುವುದು ವಿಚಿತ್ರವೆಂದು ವಾಚಕರಿಗೆ ತೋರಬಹುದು. ಆದರೆ ನಿಸರ್ಗದ ನಿಯಮಗಳಿಗೆ ಶೀತದೇಶ, ಉಷ್ಣದೇಶಗಳೆಂಬ ಭೇದವಿಲ್ಲ. ಐಸ್‌ಲ್ಯಾಂಡಿನ ಹಿಮದಡಿಯಲ್ಲಿ ನಡೆಯುವ ವಿದ್ಯಮಾನವೊಂದು ತುಂಗಭದ್ರೆಯ ದಡದವರಾದ ನಮಗೂ ಪಾಠ ಹೇಳಬಲ್ಲುದು.

1996ರಲ್ಲಿ ಅಲ್ಲಿಯ ವಾಟ್ನಾಯೋಕುಲ್ ಹಿಮರಾಶಿಯ ಕೆಳಗೆ ಜ್ವಾಲಾಮುಖಿಯೊಂದು ಸಿಡಿಯಿತು. ಕರಗಿದ ನೀರು ಹಿಮದಡಿಯ ಸರೋವರದಲ್ಲಿ ವಾರಗಟ್ಟಲೆ ತುಂಬುತ್ತ ಹೋಗಿ ನವೆಂಬರ್ 5ರಂದು ಹೊರನುಗ್ಗಿತು. ಅದರ ರಭಸವು ತುತ್ತತುದಿಯಲ್ಲಿ ಸೆಕೆಂಡಿಗೆ ಸುಮಾರು 50,000 ಘನ ಮೀಟರಿನಷ್ಟಿತ್ತು. ಸಾಮಾನ್ಯವಾಗಿ ಇಂತಹ ನೀರು ಮೊದಲು ಕಿರಿದಾದ ಸುರಂಗದಲ್ಲಿ ಹರಿಯುತ್ತದೆ. ಘರ್ಷಣೆಯ ಶಾಖದಿಂದ ಹಿಮ ಕರಗಿ ಸುರಂಗ ಹಿಗ್ಗುತ್ತದೆ. ಹಿಗ್ಗಿದಷ್ಟೂ ಹರಿವು ಹೆಚ್ಚುತ್ತದೆ. ಒತ್ತಡಕ್ಕೆ ಸಿಕ್ಕ ನೀರು ಏರನ್ನೂ ಹತ್ತಬಲ್ಲುದು. ಆದುದರಿಂದ ಅದು ಕೊರೆದ ಕಾಲುವೆಗಳ ತಳ ಏರಿಳಿತಗಳಿಂದ ಕೂಡಿರುವುದುಂಟು. ಸರೋವರ ಬರಿದಾದ ಮೇಲೆ ಹಿಮದ ಭಾರಕ್ಕೆ ಸುರಂಗ ಮುಚ್ಚಿಹೋಗುತ್ತದೆ. ನೆಲದ ಮೇಲಿನ ಗಾಯ ಮಾತ್ರ ಉಳಿಯುತ್ತದೆ.

ಇದರ ಗುಟ್ಟು ವೇಗದಲ್ಲಿದೆ. ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕವು ಸುಮಾರು 64 ಪಟ್ಟಾಗುತ್ತದೆ. ಮಂದವಾದ ಹೊಳೆಯು ವರ್ಷವೆಲ್ಲ ಹರಿದರೂ ಅಲುಗಿಸಲಾರದ ಬಂಡೆಯನ್ನು ಒಂದು ದಿನದ ಮಹಾಪೂರ ಹೊತ್ತೊಯ್ಯುವುದು ಹೀಗೆ.

ಬಳ್ಳಾರಿಯ ಗುಡ್ಡದ ಹೆಬ್ಬಂಡೆಗಳನ್ನಾಗಲಿ, ಹಂಪೆಯ ಬಂಡೆರಾಶಿಗಳನ್ನಾಗಲಿ ಯಾವ ಹಿಮವೂ, ಯಾವ ಪೂರವೂ ತಂದಿಟ್ಟುದಲ್ಲ. ಬಿರುಕುಗಳಲ್ಲಿ ನೀರಿಳಿದು, ಗ್ರಾನೈಟು ಇದ್ದಲ್ಲಿಯೇ ಶಿಥಿಲವಾಗಿ ಅವು ಉಂಟಾದುವು. ಆದರೆ ಬೇಸಿಗೆಯಲ್ಲಿ ಹಂಪೆಯ ಬಳಿ ಹೊಳೆಗಿಳಿದರೆ ಬಂಡೆಗಳಲ್ಲಿ ಒರಳಿನಂತಹ ಗುಂಡು ಕುಳಿಗಳನ್ನು ಕಾಣಬಹುದು. ಅವು ಪ್ರವಾಹದ ಸುಳಿಗಳು ಕಲ್ಲಿನಿಂದ ಕಲ್ಲನ್ನರೆದು ಮಾಡಿದುವು.

ಈ ಬರಹವನ್ನು ನಾವು ಮರೆತಿದ್ದೇವೆ. ಅಣೆಕಟ್ಟಿರುವಾಗ ಭಯವೇಕೆಂದು ಕೆಲವರು ಕೇಳುತ್ತಾರೆ. ತುಂಬಿದ ಜಲಾಶಯವು ಬಂದ ನೀರನ್ನು ಕೆಳಕ್ಕೆ ಬಿಡಲೇಬೇಕು. 2009ರ ಪೂರದಲ್ಲಿ ಸಿರುಗುಪ್ಪ ತಾಲ್ಲೂಕಿನ ಹಳ್ಳಿಗಳು ನೀರು ಕಂಡುವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಆ ಒಂದೇ ಕಂಡಿಯಿಂದ ಸುಮಾರು 35,000 ಕ್ಯೂಸೆಕ್, ಎಂದರೆ ಸೆಕೆಂಡಿಗೆ ಸುಮಾರು 1,000 ಘನ ಮೀಟರ್, ನೀರು ಧುಮುಕಿತು. ಸುಮಾರು ಒಂದು ವಾರ ಶ್ರಮಿಸಿ ಅದನ್ನು ಮುಚ್ಚಿದವರು ಸ್ತುತ್ಯರು. ಆದರೆ ಅಣೆಕಟ್ಟು ಪೂರವನ್ನು ತಗ್ಗಿಸಬಹುದೇ ಹೊರತು ಇಲ್ಲವೆನ್ನಿಸಲಾರದು.

ಆದಕಾರಣ ಹೊಳೆಯ ಎಲ್ಲೆಯನ್ನು ಬೇಸಿಗೆಯ ನೀರಿನಿಂದಲ್ಲ, ಮಹಾಪೂರದಿಂದ ಗುರುತಿಸಬೇಕೆಂಬುದು ನಮ್ಮ ಅಭಿಪ್ರಾಯ. ಆ ಗೆರೆಯೊಳಗೆ ಬೆಳೆ ಇರಲಿ, ಮನೆ ಬೇಡ. ಸಿರುಗುಪ್ಪ, ಕಂಪ್ಲಿಗಳ ವಿದ್ಯಾರ್ಥಿಗಳು ಈ ಕಾರ್ಯವನ್ನು ಆರಂಭಿಸಬಹುದು. 2009ರಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ಹಿರಿಯರನ್ನು ಕೇಳಿ, ಶಾಲೆಯ ಗೋಡೆಯ ಮೇಲೂ ಊರಿನ ನಕ್ಷೆಯಲ್ಲೂ ಗೆರೆ ಎಳೆಯಲಿ. ಕಂಡ ಕಣ್ಣುಗಳು ಇರುವಾಗಲೇ ಆ ಗೆರೆ ಮೂಡಬೇಕು.