ಓಡಿ ಎನ್ನುವ ಚೀಟಿ, ಬಿಡಿ ಎನ್ನುವ ಅಂಗಡಿ

ಡಾಕ್ಟರು ಬರೆದುಕೊಡುವ ಚೀಟಿಯಲ್ಲಿ ಕನ್ನಡವೇ ಇಲ್ಲ ಎಂದು ಯಾರಾದರೂ ಗೊಣಗಿದರೆ ನಾನು ಒಪ್ಪುವುದಿಲ್ಲ. ಎರಡು ಪದ ಇದ್ದೇ ಇವೆ. ಒಂದು 'ಓಡಿ', ಇನ್ನೊಂದು 'ಬಿಡಿ'. ಓ.ಡಿ. ಎಂದರೆ ದಿನಕ್ಕೊಂದು ಸಲ, ಬಿ.ಡಿ. ಎಂದರೆ ದಿನಕ್ಕೆರಡು ಸಲ. ಎರಡೂ ಲ್ಯಾಟಿನ್ ಮಾತುಗಳ ಮೊದಲಕ್ಷರಗಳು. ಆ ಭಾಷೆಯನ್ನು ಮನೆಮಾತಾಗಿ ಆಡುವವರು ಈಗ ಎಲ್ಲೂ ಇಲ್ಲ. ಆದರೂ ಅದು ನಮ್ಮ ಹಲಗೂರಿನ ಅಜ್ಜಿಯರ ಸೆರಗಿನ ಗಂಟಿನಲ್ಲಿ ಭದ್ರವಾಗಿ ಕುಳಿತಿರುತ್ತದೆ. ಹೋಗಲಿ, ಚೀಟಿಯ ಭಾಷೆ ಡಾಕ್ಟರಿಗೂ ಅಂಗಡಿಗೂ ಸೇರಿದ್ದು. ಆದರೆ ಅದನ್ನು ಓದಿ ಮಾತ್ರೆಯನ್ನು ಕೈಗಿಡುವಾಗ ಅಂಗಡಿಯವರ ಬಾಯಿಂದ ನಾಲ್ಕು ಕನ್ನಡದ ಮಾತು ಬರಬೇಡವೇ? ನನ್ನ ಜಗಳವಿರುವುದು ಅಲ್ಲಿ.

ಹಲಗೂರು ಮಳವಳ್ಳಿ ತಾಲ್ಲೂಕಿನ ಹೋಬಳಿ ಊರು. ಕನಕಪುರದಿಂದ ಮಳವಳ್ಳಿಗೆ ಹೋಗುವ ರಸ್ತೆಯ ಮೇಲಿದೆ. ದಳವಾಯಿ ಕೋಡಿಹಳ್ಳಿ, ಮುತ್ತತ್ತಿಯ ಕಡೆಯಿಂದೆಲ್ಲ ಜನ ಬಸ್ಸು ಹತ್ತಿ ಇಲ್ಲಿಗೆ ಬರುತ್ತಾರೆ. ಡಾಕ್ಟರನ್ನು ಕಂಡು, ಮೆಡಿಕಲ್ ಸ್ಟೋರಿನ ಮುಂದೆ ನಿಂತು, ವಾಪಸು ಬಸ್ಸು ತಪ್ಪೀತೆಂದು ರಸ್ತೆ ನೋಡುತ್ತಿರುತ್ತಾರೆ. ಅಲ್ಲಿ ನಡೆಯುವ ಸಂಭಾಷಣೆ ನಿಮಗೂ ಪರಿಚಿತವೇ.

"ಇದ ಹೆಂಗ್ ತಕಬೇಕು ಮಗ?"

"ಡಾಕ್ಟ್ರು ಹೇಳ್ನಿಲ್ವಾ ಅಜ್ಜಿ?"

"ಅಂಗಡೀಲಿ ಕೇಳ್ಕಳವ್ವ ಅಂದ್ರು."

"ಅದ್ರಲ್ಲೇ ಬರ್ದವ್ರಲ್ಲ, ನೋಡ್ಕಳಿ."

ಮುಗಿಯಿತು. ಡಾಕ್ಟರು ಅಂಗಡಿಯ ಕಡೆ ಕೈ ತೋರಿಸಿದರು, ಅಂಗಡಿ ಚೀಟಿಯ ಕಡೆ ಕೈ ತೋರಿಸಿತು, ಚೀಟಿ ಮಾತಾಡುವುದಿಲ್ಲ. ಇಲ್ಲೇ ಹತ್ತಿರದ ತೊರೆಕಾಡನಹಳ್ಳಿಯಿಂದ 1974ರಿಂದಲೂ ಕಾವೇರಿ ನೀರನ್ನು ಪಂಪು ಮಾಡಿ, ಸುಮಾರು ನೂರು ಕಿಲೋಮೀಟರು ಏರುದಾರಿಯಲ್ಲಿ ಬೆಂಗಳೂರಿಗೆ ಮುಟ್ಟಿಸುತ್ತಾರೆ. ಎರಡಡಿ ಅಗಲದ ಕೌಂಟರು ದಾಟಿ ಒಂದು ಮಾತನ್ನು ಮುಟ್ಟಿಸಲು ನಮ್ಮಿಂದಾಗುವುದಿಲ್ಲ.

ಮಾತ್ರೆ ಸರಿಯಾಗಿದ್ದರೆ ಸಾಲದೇ, ಮಾತೇಕೆ ಎನ್ನುವವರಿದ್ದಾರೆ. ಅವರಿಗೆ ನಮ್ಮ ಹೆಂಗಸರ ಮನೆಗಳಿಂದಲೇ ಉದಾಹರಣೆ ಕೊಡುತ್ತೇನೆ. ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿ, ತಿಂಡಿ ಕೂಡದು. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ಇಷ್ಟನ್ನು ಹೇಳದೆ ಮೂರು ಶೀಟನ್ನೂ ಒಂದೇ ಕವರಿಗೆ ತುರುಕಿ ಕೊಟ್ಟರೆ ಆಕೆ ಏನು ಮಾಡುತ್ತಾಳೆ? ಗಂಡನ ಡಬ್ಬಿ, ಮಕ್ಕಳ ಸ್ಕೂಲು, ಹಾಲಿನವನು, ನಲ್ಲಿ ನೀರು, ಇವುಗಳ ನಡುವೆ ಮೂರನ್ನೂ ಒಂದೇ ಬಾರಿಗೆ ಕಾಫಿಯ ಜೊತೆ ಗಂಟಲಿಗಿಳಿಸುತ್ತಾಳೆ. ತಿಂಗಳುಗಳಾದ ಮೇಲೆ ರಕ್ತ ಪರೀಕ್ಷೆಯಲ್ಲಿ ಮಾತ್ರೆ ಸಾಲದೆಂದು ಬರುತ್ತದೆ, ಇನ್ನೂ ದೊಡ್ಡ ಮಾತ್ರೆ ಬರೆಯುತ್ತಾರೆ. ಸುಸ್ತು ಮಾತ್ರ ಹಾಗೇ ಇರುತ್ತದೆ. ಮನೆಯವರು, "ಇವಳಿಗೆ ಯಾವಾಗಲೂ ಒಂದಲ್ಲ ಒಂದು ರೋಗ" ಎನ್ನುತ್ತಾರೆ.

ಮಗುವಿನ ಆಂಟಿಬಯೋಟಿಕ್ ಬಾಟಲಿಯಲ್ಲಿ ಪುಡಿ ಇರುತ್ತದೆ. ಕಾಯಿಸಿ ಆರಿಸಿದ ನೀರನ್ನು ಬಾಟಲಿಯ ಗೆರೆಯವರೆಗೆ ಹಾಕಿ ಚೆನ್ನಾಗಿ ಕುಲುಕಬೇಕು. ಕಲಸಿದ ಮೇಲೆ ಸಾಮಾನ್ಯವಾಗಿ ಒಂದು ವಾರ ಕಳೆದರೆ ಚೆಲ್ಲಬೇಕು. ಒಂದು ಲೀಟರು ನೀರಿಗೆಂದು ಮಾಡಿದ ಓ.ಆರ್.ಎಸ್. ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಭೇದಿಯಾದ ಮಗುವಿಗೆ ಉಪ್ಪೇ ಅಪಾಯ. ಚೊಚ್ಚಲ ಮಗುವಿನ ತಾಯಿಗೆ ಇದು ಹುಟ್ಟಿನಿಂದ ಗೊತ್ತಿರುವುದಿಲ್ಲ. ಯಾರಾದರೂ ಹೇಳಬೇಕು.

ನಮ್ಮ ಬೀದಿಯ ಹಿರಿಯರೊಬ್ಬರಿಗೆ ಕೀಲುವಾತ. ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಬರೆದಿದ್ದರು. ಆ ಕಾಯಿಲೆಗೆ ಅದನ್ನು ತೆಗೆದುಕೊಳ್ಳಬೇಕಾದ್ದು ವಾರಕ್ಕೆ ಒಂದೇ ದಿನ. ಅಂಗಡಿಯಲ್ಲಿ ಶೀಟು ಕೊಟ್ಟರು, ದುಡ್ಡು ಎಣಿಸಿಕೊಂಡರು, ಮಾತಾಡಲಿಲ್ಲ. ಆಕೆ ಎಲ್ಲ ಮಾತ್ರೆಗಳಂತೆ ದಿನವೂ ನುಂಗಿದರು. ಬಾಯೆಲ್ಲ ಹುಣ್ಣಾಗಿ, ಗುಟುಕು ಗಂಜಿ ಇಳಿಯದಂತಾಗಿ, ರಕ್ತದ ಕಣಗಳು ಕುಸಿದು ಆಸ್ಪತ್ರೆ ಸೇರಿದರು. ಉಳಿದು ಬಂದದ್ದು ಅವರ ಪುಣ್ಯ. "ವಾರಕ್ಕೊಂದೇ ಅಜ್ಜಿ, ಭಾನುವಾರ ಮಾತ್ರ" ಎಂಬ ನಾಲ್ಕು ಪದಕ್ಕೆ ಎಷ್ಟು ಹೊತ್ತು ಬೇಕಾಗಿತ್ತು, ನೀವೇ ಹೇಳಿ.

ಮಾತಾಡುವುದು ಅಂಗಡಿಯವರ ಔದಾರ್ಯವಲ್ಲ, ಅದು ಅವರ ಕೆಲಸ. 1945ರ ಔಷಧ ನಿಯಮಗಳ ಪ್ರಕಾರ ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟರೇ ಕೊಡಬೇಕು, ಇಲ್ಲವೇ ಅವರ ಕಣ್ಣೆದುರಿನಲ್ಲಿ ಕೊಡಬೇಕು. 1948ರ ಫಾರ್ಮಸಿ ಕಾಯ್ದೆ, ನೋಂದಣಿಯಿಲ್ಲದವರು ಕೊಟ್ಟರೆ ಶಿಕ್ಷೆ ಎನ್ನುತ್ತದೆ. 2015ರಲ್ಲಿ ಬಂದ ಫಾರ್ಮಸಿ ವೃತ್ತಿ ನಿಯಮಗಳಂತೂ ಇನ್ನೂ ಸ್ಪಷ್ಟ. ಔಷಧಿಯ ಹೆಸರೇನು, ಯಾತಕ್ಕೆ, ಎಷ್ಟು, ಹೇಗೆ, ಎಷ್ಟು ದಿನ, ಏನು ತೊಂದರೆ ಬರಬಹುದು, ಎಲ್ಲಿಡಬೇಕು, ಒಂದು ಹೊತ್ತು ಮರೆತರೆ ಏನು ಮಾಡಬೇಕು ಎಂಬುದನ್ನು ಫಾರ್ಮಸಿಸ್ಟರು ತಾವಾಗಿಯೇ ಮಾತು ತೆಗೆದು ಹೇಳಬೇಕು. ರೋಗಿ ಕೇಳಲಿ ಎಂದು ಕಾಯುವಂತಿಲ್ಲ. ಕಾನೂನಿನ ಪುಸ್ತಕದಲ್ಲಿ ನಮ್ಮ ಅಜ್ಜಿಗೆ ಇಷ್ಟು ಮರ್ಯಾದೆ ಇದೆ. ಅಂಗಡಿಯ ಮುಂದೆ ಇಲ್ಲ.

ಹಾಗಾದರೆ ಆ ಫಾರ್ಮಸಿಸ್ಟರು ಎಲ್ಲಿ? ಬಹಳ ಕಡೆ ಅವರು ಗೋಡೆಯ ಮೇಲಿದ್ದಾರೆ. ದೇವರ ಪಟದ ಪಕ್ಕದಲ್ಲಿ, ಗಾಜು ಹಾಕಿಸಿದ ಸರ್ಟಿಫಿಕೇಟಿನಲ್ಲಿ. ಸರ್ಟಿಫಿಕೇಟು ಬಾಡಿಗೆಗೆ ಬಂದಿರುತ್ತದೆ, ಅದರ ಒಡೆಯರು ಇನ್ನೆಲ್ಲೋ ಬೇರೆ ಕೆಲಸದಲ್ಲಿರುತ್ತಾರೆ. ಕೌಂಟರಿನಲ್ಲಿ ನಿಂತಿರುವುದು ಎಸ್.ಎಸ್.ಎಲ್.ಸಿ.ಯೋ ಪಿ.ಯು.ಸಿ.ಯೋ ಮುಗಿಸಿದ ಒಬ್ಬ ಹುಡುಗಿ.

ಆ ಹುಡುಗಿಯನ್ನು ಬೈಯಲು ನಾನು ಈ ಮಾತು ಬರೆಯುತ್ತಿಲ್ಲ. ಅವಳಂಥವರು ನನ್ನ ತರಗತಿಯ ಬೆಂಚಿನಲ್ಲಿ ಕುಳಿತವರು. "ಗೊತ್ತಿಲ್ಲದಿದ್ದರೆ ಕೈ ಎತ್ತಿ ಕೇಳಿ" ಎಂದು ಹೇಳಿಕೊಟ್ಟು ಕಳಿಸಿದವಳು ನಾನು. ಅವಳು ಬೆಳಿಗ್ಗೆ ಅಂಗಡಿ ಗುಡಿಸುತ್ತಾಳೆ, ಸ್ಟಾಕು ಜೋಡಿಸುತ್ತಾಳೆ, ಅವಧಿ ಮುಗಿದ ಔಷಧಿಯನ್ನು ಬೇರೆ ಇಡುತ್ತಾಳೆ, ಇನ್ಸುಲಿನ್ ಇಟ್ಟ ಫ್ರಿಜ್ಜನ್ನು ಕರೆಂಟು ಹೋದಾಗಲೆಲ್ಲ ನೋಡಿಕೊಳ್ಳುತ್ತಾಳೆ, ಬಿಲ್ಲು ಹಾಕುತ್ತಾಳೆ, ರಾತ್ರಿ ಲೆಕ್ಕ ಒಪ್ಪಿಸುತ್ತಾಳೆ. 2014ರ ಮಾರ್ಚಿನಿಂದ ಕೆಲವು ಆಂಟಿಬಯೋಟಿಕ್, ಕ್ಷಯದ ಔಷಧಿ, ನಿದ್ದೆ ಮಾತ್ರೆಗಳಿಗೆ ಬೇರೆ ರಿಜಿಸ್ಟರು ಬಂದಿದೆ. ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಕೊಟ್ಟ ಮಾತ್ರೆ ಎಷ್ಟೆಂಬುದನ್ನು ಬರೆದು ಮೂರು ವರ್ಷ ಕಾಪಾಡಬೇಕು. ಅದನ್ನೂ ಬರೆಯುವವಳು ಇವಳೇ. ಇಡೀ ದಿನ ನಿಂತೇ ಇರುತ್ತಾಳೆ. ಅಂಥ ಒಬ್ಬಳು ನನ್ನೊಡನೆ, "ಮಿಸ್, ಒಬ್ಬರ ಹತ್ರ ಜಾಸ್ತಿ ಮಾತಾಡಿದ್ರೆ ಓನರ್ ಗದರ್ತಾರೆ. ತಪ್ಪು ಹೇಳಿಬಿಟ್ರೆ ಅಂತ ನಂಗೂ ಭಯ" ಎಂದಳು. ಅವಳ ಭಯ ಸರಿಯಾದದ್ದೇ. ಕಲಿಸದೆ ಕೂರಿಸಿದವರ ಧೈರ್ಯವೇ ತಪ್ಪು. ಕಲಿಸುವ ಖರ್ಚು ಉಳಿಸಿ, ಫಾರ್ಮಸಿಸ್ಟರ ಸಂಬಳ ಉಳಿಸಿ, ಉಳಿಸಿದ್ದನ್ನು ಲಾಭವೆಂದು ಎಣಿಸಿಕೊಳ್ಳುವವರು ಒಳಗೆ ಕುಳಿತಿರುತ್ತಾರೆ; ಬೈಗುಳ ತಿನ್ನುವವಳು ಹೊರಗೆ ನಿಂತಿರುತ್ತಾಳೆ.

"ಸಂಜೆ ಹೊತ್ತು ಹತ್ತು ಜನ ಕೈ ಚಾಚ್ತಾರೆ, ಎಲ್ಲರಿಗೂ ಪಾಠ ಮಾಡ್ತಾ ಕೂತ್ಕೊಳಕ್ಕಾಗುತ್ತಾ?" ಎಂದು ಮಾಲೀಕರು ಕೇಳುತ್ತಾರೆ. ಪಾಠ ನಾನು ಮಾಡುತ್ತೇನೆ ಸ್ವಾಮಿ, ನಲವತ್ತೈದು ನಿಮಿಷ. ನಿಮ್ಮಿಂದ ಕೇಳುತ್ತಿರುವುದು ಅರ್ಧ ನಿಮಿಷ. ಸೀರೆ ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಡಿಸಿ ತೋರಿಸಿ, ತೊಳೆಯುವುದು ಹೇಗೆಂದು ಹೇಳಿ ಕಳಿಸುತ್ತಾರೆ. ಸೀರೆಯ ಬಣ್ಣ ಹೋದರೆ ಸೀರೆಯಷ್ಟೇ ಹೋಗುತ್ತದೆ. ಓದು ಬಾರದವರಿಗೆ ಹೇಳಿ ಏನು ಪ್ರಯೋಜನ ಎಂಬುದು ಇನ್ನೊಂದು ವಾದ. ಓದು ಬಾರದವರಿಗೆ ಮಾತೇ ಗತಿ ಎಂಬುದು ಇವರಿಗೆ ಹೊಳೆಯುವುದಿಲ್ಲ. ಕವರಿನ ಮೇಲೆ ಒಂದು ಸೂರ್ಯ, ಒಂದು ಚಂದ್ರ ಬರೆದುಕೊಟ್ಟರೆ ಯಾವ ಅಜ್ಜಿಗೆ ಅರ್ಥವಾಗುವುದಿಲ್ಲ?

ಹೆಂಗಸರ ವಿಷಯದಲ್ಲಿ ಮೌನಕ್ಕೆ ನಾಚಿಕೆಯೂ ಸೇರಿಕೊಂಡಿದೆ. ಮುಟ್ಟಿನ ಪ್ಯಾಡು ಕೇಳಿದರೆ ಕಳ್ಳಮಾಲಿನಂತೆ ಪೇಪರು ಸುತ್ತಿ ಕಪ್ಪು ಕವರಿಗೆ ಹಾಕಿ ಕೊಡುತ್ತಾರೆ. ಆದರೆ ಹಬ್ಬಕ್ಕೋ ಗೃಹಪ್ರವೇಶಕ್ಕೋ ಮುಟ್ಟು ಮುಂದೂಡುವ ಮಾತ್ರೆ ಕೇಳಿದರೆ ಚೀಟಿಯೂ ಬೇಡ, ಪ್ರಶ್ನೆಯೂ ಇಲ್ಲ, ಸಲೀಸಾಗಿ ಬರುತ್ತದೆ. ಅದು ಹಾರ್ಮೋನಿನ ಔಷಧಿ, ಡಾಕ್ಟರ ಚೀಟಿಯಿಲ್ಲದೆ ಕೊಡಬಾರದ್ದು. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅಪಾಯದ್ದು. ಮುಚ್ಚಬೇಕಿಲ್ಲದ್ದನ್ನು ಮುಚ್ಚುತ್ತಾರೆ, ಕೇಳಬೇಕಾದ್ದನ್ನು ಕೇಳುವುದಿಲ್ಲ. ಕೌಂಟರಿನಲ್ಲಿ ತಿಳಿದ ಹೆಣ್ಣುಮಗಳೊಬ್ಬಳು ಇದ್ದರೆ ಗಂಡಸರ ಮುಂದೆ ಬಾಯಿ ಬಿಡದ ಎಷ್ಟೋ ಹೆಂಗಸರು ಅವಳ ಬಳಿ ಪಿಸುಗುಟ್ಟಿಯಾದರೂ ಕೇಳುತ್ತಾರೆ. ಅವಳಿಗೆ ಕಲಿಸಿ ಎಂದು ನಾನು ಹಟ ಹಿಡಿಯುವುದು ಅದಕ್ಕೇ. ಪಿ.ಯು.ಸಿ.ಯಲ್ಲಿ ಸೈನ್ಸ್ ಓದಿದ್ದರೆ ಡಿ.ಫಾರ್ಮ ಎರಡು ವರ್ಷದ ಓದು. ಓದಿಸಿ, ತಕ್ಕ ಸಂಬಳ ಕೊಡಿ, ಗೋಡೆಯ ಮೇಲೆ ಅವಳ ಹೆಸರೇ ಇರಲಿ.

ಇನ್ನು ಬಿಲ್ಲು. "ಬಿಲ್ಲು ಯಾಕಕ್ಕ, ಹಿಡೀರಿ" ಎನ್ನುತ್ತಾರೆ, ನಾವೂ ಹಿಡಿಯುತ್ತೇವೆ. ಫೋನಿನಲ್ಲಿ ದುಡ್ಡು ಕಳಿಸಿದ್ದು ಡಬ್ಬಿ ಕೂಗಿ ಹೇಳಿದರೆ ಅದು ಬಿಲ್ಲಲ್ಲ. ಔಷಧಿಯ ಹೆಸರು, ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಇರುವ ಕಾಗದವೇ ಬಿಲ್ಲು. ಔಷಧಿ ಕೆಟ್ಟದ್ದೆಂದು ಗೊತ್ತಾದ ದಿನ, ನಮ್ಮ ಮನೆಗೆ ಬಂದದ್ದು ಅದೇ ಎಂದು ತೋರಿಸಲು ನಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ. ಮಾತ್ರೆಯನ್ನು ಕತ್ತರಿಸಿ ನಾಲ್ಕೇ ಕೊಟ್ಟಾಗ ಅವಧಿಯ ತಿಂಗಳು ಅಂಗಡಿಯಲ್ಲೇ ಉಳಿದಿರುತ್ತದೆ. ಆಗಂತೂ ಬಿಲ್ಲು ಬೇಕೇ ಬೇಕು.

ಗೆಳತಿಯರೇ, ಮನೆಯ ಔಷಧಿ ಡಬ್ಬಿಯ ಯಜಮಾನಿಕೆ ನಮ್ಮದು. ಅತ್ತೆಯ ಬಿ.ಪಿ., ಮಾವನ ಸಕ್ಕರೆ, ಮಗುವಿನ ಕೆಮ್ಮು ಎಲ್ಲದರ ಹೊತ್ತು ಗೊತ್ತು ನೆನಪಿಡುವವರು ನಾವು. ಆದ್ದರಿಂದ ಕೇಳುವ ಅಧಿಕಾರವೂ ನಮ್ಮದೇ. ಸೊಪ್ಪಿನವಳ ಹತ್ತಿರ ಒಂದು ರೂಪಾಯಿಗೆ ಹತ್ತು ಮಾತಾಡುವ ನಾವು ಮುನ್ನೂರು ರೂಪಾಯಿಯ ಔಷಧಿಗೆ ಮೂಕರಾಗುವುದೇಕೆ? ಯಾತಕ್ಕೆ, ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನ, ಮರೆತರೇನು: ಈ ನಾಲ್ಕಕ್ಕೆ ಉತ್ತರ ಸಿಗುವವರೆಗೆ ಕೌಂಟರು ಬಿಡಬೇಡಿ. ಹುಡುಗಿಗೆ ಗೊತ್ತಿಲ್ಲದಿದ್ದರೆ ಅವಳ ಮೇಲೆ ಸಿಟ್ಟಾಗಬೇಡಿ. "ನಿಮ್ಮ ಫಾರ್ಮಸಿಸ್ಟರನ್ನು ಕರಿಯಮ್ಮ" ಎಂದು ಮೆಲ್ಲಗೆ ಹೇಳಿ. ಕರೆಯಲು ಯಾರೂ ಇಲ್ಲದಿದ್ದರೆ ಇರುವ ಅಂಗಡಿಗೆ ಹೋಗಿ. ಎರಡು ಹೆಜ್ಜೆ ದೂರವಾದರೂ ಚಿಂತೆಯಿಲ್ಲ. ಗಿರಾಕಿ ಪಕ್ಕದ ಅಂಗಡಿಗೆ ನಡೆದುಹೋಗುವುದು ಕಣ್ಣಿಗೆ ಬಿದ್ದರೆ, ಕಾನೂನಿಗೆ ಬಗ್ಗದ ಮಾಲೀಕರೂ ಬಾಗುತ್ತಾರೆ.