ಬೆಟ್ಟ ನಮ್ಮದೂ ಹೌದು, ಒಂದು ಭಾನುವಾರ ಮಕ್ಕಳಿಗೆ ಕೊಡಿ



ಇವತ್ತು ಧರಣಿ ಬಗ್ಗೆ ಅಲ್ಲ, ಒಳಮೀಸಲಾತಿ ಬಗ್ಗೆನೂ ಅಲ್ಲ, ಟೂರ್ ಬಗ್ಗೆ ಬರೀತಿದ್ದೀನಿ. ನಗಬೇಡಿ, ಪೂರ್ತಿ ಓದಿ.

ನಮ್ಮ ಸಂಘಟನೆಯವರ ಮನೆ ಮಕ್ಕಳನ್ನ "ಬೆಂಗಳೂರಲ್ಲಿ ಏನೇನು ನೋಡಿದ್ದೀಯಾ?" ಅಂತ ಕೇಳಿ ನೋಡಿ. ಸುಮಾರು ಮಕ್ಕಳು ಫ್ರೀಡಂ ಪಾರ್ಕ್ ಅಂತಾವೆ. ಅದೂ ಧರಣಿಗೆ ಅಪ್ಪ ಅವ್ವನ ಜೊತೆ ಬಂದು, ಶಾಮಿಯಾನದ ಕೆಳಗೆ ಮಲಗಿ ಎದ್ದು ಹೋದದ್ದು. ಏಪ್ರಿಲ್ 14, ಡಿಸೆಂಬರ್ 6, ಸಮಾವೇಶ, ಜಾಥಾ, ಇಲ್ಲಾ ನೆಂಟರ ಮನೆ ತಿಥಿ. ನಮ್ಮ ಕುಟುಂಬಗಳು ಬಸ್ಸು ಹತ್ತೋದೇ ಇಷ್ಟಕ್ಕೆ. ಸುಮ್ಮನೆ ಒಂದು ಗುಡ್ಡ ಹತ್ತಿ, ಗಾಳಿ ಕುಡಿದು, ಬುತ್ತಿ ಬಿಚ್ಚಿ ಉಂಡು ಬರೋಕೆ ಅಂತ ಹೊರಟ ಮನೆಗಳನ್ನ ಬೆರಳಲ್ಲಿ ಎಣಿಸಬಹುದು.

ಈ ಮಾತು ಎತ್ತಿದಾಗೆಲ್ಲಾ ನಮ್ಮ ಸಂಗಾತಿಗಳೇ ಕೆಲವರು ಬೈತಾರೆ. "ಮೇಡಂ, ಸ್ಮಶಾನಕ್ಕೆ ಜಾಗ ಇಲ್ಲ, ಕುಡಿಯೋಕೆ ನೀರಿಲ್ಲ, ನಿಮಗೆ ಟೂರ್ ಬೇಕಾ? ಇದು ಮಧ್ಯಮ ವರ್ಗದ ಶೋಕಿ." ಈ ಮಾತನ್ನ ನಾನು ಒಪ್ಪಲ್ಲ. ಬಿಡುವು ಅನ್ನೋದು ಮೊದಲಿಂದ ಮೇಲಿನವರ ಆಸ್ತಿ. ದುಡಿಯೋದು ಮಾತ್ರ ನಮ್ಮ ಪಾಲು. ಆ ಹಂಚಿಕೆಯನ್ನ ನಾವೇ ಒಪ್ಪಿಕೊಂಡು, ಅದಕ್ಕೆ ಹೋರಾಟದ ಬಣ್ಣ ಬೇರೆ ಬಳಿಯೋದು ಯಾವ ನ್ಯಾಯ?

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ತೆಗೆದು ನೋಡಿ. ಅದರಲ್ಲಿ ಮೊದಲು ಬರೋದೇ ಮಕ್ಕಳ ಬೇಸಿಗೆ ರಜೆಯ ಪ್ರಯಾಣ. 1901ನೇ ಇಸವಿ. ಹೊಸ ಬಟ್ಟೆ ಹಾಕಿಕೊಂಡು, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ, ಗೋರೆಗಾಂವ್‌ನಲ್ಲಿ ಕೆಲಸಕ್ಕಿದ್ದ ಅಪ್ಪನನ್ನು ನೋಡೋಕೆ ಸಾತಾರದಿಂದ ಹೊರಟ ಹುಡುಗ ಅವರು. ಮಸೂರ್ ಸ್ಟೇಷನ್ನಿನಲ್ಲಿ ಇಳಿದು ಜಾತಿ ಗೊತ್ತಾದ ಮೇಲೆ ಗಾಡಿಯವರು ಹತ್ತಿಸಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡಕೊಂಡು ಹೋಗಬೇಕಾಯ್ತು. ಬುತ್ತಿ ತುಂಬಾ ಊಟ ಇತ್ತು, ಕುಡಿಯೋಕೆ ನೀರು ಸಿಗಲಿಲ್ಲ. ಹಸಿದುಕೊಂಡೇ ಮಲಗಿದರು.

ಅದೇ ಪುಸ್ತಕದಲ್ಲಿ 1934ರ ಇನ್ನೊಂದು ಪ್ರವಾಸ ಇದೆ. ಆಗ ಅವರು ದೊಡ್ಡ ನಾಯಕರು, ಬ್ಯಾರಿಸ್ಟರ್. ಚಳವಳಿಯ ಸುಮಾರು ಮೂವತ್ತು ಜನ ಸಂಗಾತಿಗಳ ಜೊತೆ ವೇರೂಳದ ಬೌದ್ಧ ಗುಹೆಗಳನ್ನು ನೋಡೋಕೆ ಹೊರಟಿದ್ದರು. ದಾರಿಯಲ್ಲಿ ದೌಲತಾಬಾದ್ ಕೋಟೆ. ಬಾಗಿಲ ಹೊರಗಿನ ಕೊಳದಲ್ಲಿ ಕೈಕಾಲು ಮುಖ ತೊಳೆದುಕೊಂಡದ್ದಕ್ಕೆ 'ಕೊಳ ಮೈಲಿಗೆ ಆಯ್ತು' ಅಂತ ಗಲಾಟೆ ಎದ್ದಿತು. ಕೊನೆಗೆ ಒಳಗೆ ಬಿಟ್ಟರು, ಆದರೆ ಎಲ್ಲೂ ನೀರು ಮುಟ್ಟಬಾರದು ಅಂತ ಕಾವಲಿಗೆ ಒಬ್ಬ ಸಿಪಾಯಿ ಜೊತೆಗೆ.

ಗಮನಿಸಿ, ಚಳವಳಿ ಕಟ್ಟುವಾಗಲೂ ಬಾಬಾಸಾಹೇಬರು ಸಂಗಾತಿಗಳನ್ನ ಕರಕೊಂಡು ಜಾಗ ನೋಡೋಕೆ ಹೋದರು. ಅದನ್ನ ಶೋಕಿ ಅನ್ನೋರು ಯಾರಿದ್ದೀರಿ?

ನಮ್ಮವ್ವನಿಗೆ ಗುಡ್ಡದ ಒಂದೊಂದು ಗಿಡವೂ ಗೊತ್ತು. ಯಾವುದು ಬೇಗ ಉರಿಯುತ್ತೆ, ಯಾವ ಸೊಪ್ಪು ಸಾರಿಗಾಗುತ್ತೆ, ಕಾರೆಹಣ್ಣು ಯಾವಾಗ, ಎಲ್ಲಾ. ಆದರೆ ಅವರು ಗುಡ್ಡಕ್ಕೆ ಹೋಗಿದ್ದು ಸೌದೆಗೆ. ತಲೆ ಮೇಲೆ ಹೊರೆ, ಮನಸಲ್ಲಿ ಗಾರ್ಡ್ ಹಿಡಿದರೆ ಏನು ಗತಿ ಅನ್ನೋ ಭಯ. ಅದೇ ಗುಡ್ಡಕ್ಕೆ ಈಗ ಕಾರಲ್ಲಿ ಬಂದು ಫೋಟೋ ಹೊಡೆಯೋರನ್ನ 'ಪ್ರಕೃತಿ ಪ್ರೇಮಿಗಳು' ಅಂತಾರೆ. ಹೋದ ವರ್ಷ ಅವ್ವನನ್ನ ದೇವರಾಯನದುರ್ಗಕ್ಕೆ ಕರಕೊಂಡು ಹೋಗಿ ಒಂದು ಬಂಡೆ ಮೇಲೆ ಕೂರಿಸಿದೆ. ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ, "ಬರಿಗೈಲಿ ಗುಡ್ಡದಿಂದ ಇಳಿಯೋದು ಇದೇ ಮೊದಲು ಕಣವ್ವ" ಅಂದರು.

ಸರಿ, ದುಡ್ಡಿನ ಮಾತಿಗೆ ಬರೋಣ. ನಾನು ಕ್ಲರ್ಕು, ಲೆಕ್ಕ ಹಾಕೋದು ನನ್ನ ಕೆಲಸ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಅನ್ವಯಿಸಲ್ಲ. ಆರು ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ, ಹನ್ನೆರಡರವರೆಗೆ ಅರ್ಧ ಟಿಕೆಟ್. ಗಂಡ, ಹೆಂಡತಿ, ಅತ್ತೆ, ಒಬ್ಬಳು ಮಗಳು, ಒಂಬತ್ತು ವರ್ಷದ ಮಗ ಹೊರಟರೆ ಕೊಡಬೇಕಾದ್ದು ಒಂದು ಪೂರ್ತಿ, ಒಂದು ಅರ್ಧ ಟಿಕೆಟ್ ದುಡ್ಡು. ಆಧಾರ್ ಕಾರ್ಡು ಮರೀಬೇಡಿ. 'ಹೆಂಗಸರು ಪುಕ್ಕಟೆ ಸುತ್ತುತಾರೆ' ಅಂತ ಆಡಿಕೊಳ್ಳೋರ ಮಾತಿಗೆ ಕುಗ್ಗಬೇಡಿ. ಸುತ್ತಿ, ಅದಕ್ಕೇ ಇರೋದು ಅದು.

ನಮ್ಮ ತುಮಕೂರು ಜಿಲ್ಲೆಯನ್ನೇ ತಗೊಳ್ಳಿ. ದೇವರಾಯನದುರ್ಗ ನಗರದಿಂದ ಸುಮಾರು 15 ಕಿಲೋಮೀಟರ್, ಕೆಳಗೆ ಕಾಡಿನ ನಡುವೆ ನಾಮದ ಚಿಲುಮೆ. ಜಯಮಂಗಲಿ ನದಿ ಹುಟ್ಟೋದು ಈ ಬೆಟ್ಟದಲ್ಲೇ ಅಂತ ಮಕ್ಕಳಿಗೆ ತೋರಿಸಿ. ಬೆಟ್ಟದ ಮೇಲೆ ದೇವಸ್ಥಾನ ಇದೆ, ಹೋಗೋದು ಬಿಡೋದು ನಿಮ್ಮಿಷ್ಟ. ಬೆಟ್ಟಕ್ಕೆ ಹೋಗೋಕೆ ದೇವರ ನೆಪ ಬೇಕಿಲ್ಲ. ಸಿರಾ ತಾಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮಧುಗಿರಿ ತಾಲೂಕಿನ ಮೈದನಹಳ್ಳಿ ಹುಲ್ಲುಗಾವಲಲ್ಲಿ ಕೃಷ್ಣಮೃಗಗಳ ಹಿಂಡು ಓಡೋದು ನೋಡಬೇಕು. ಅಲ್ಲಿ ನೆರಳು ಕಡಿಮೆ, ಟೋಪಿ, ನೀರು ಇಟ್ಕೊಳ್ಳಿ.

ಎರಡು ದಿನ ಸಿಕ್ಕರೆ ಚಿತ್ರದುರ್ಗ ಜಿಲ್ಲೆಗೆ ಹೋಗಿ. ಮೊದಲ ದಿನ ಕೋಟೆ. ಎರಡನೇ ದಿನ ಮೊಳಕಾಲ್ಮೂರಿಗೆ ಬಸ್ಸು, ಅಲ್ಲಿಂದ ಆಟೋ ಮಾತಾಡಿಕೊಂಡು ಬ್ರಹ್ಮಗಿರಿ. ಅಲ್ಲಿನ ಬಂಡೆ ಮೇಲೆ ಅಶೋಕನ ಶಾಸನ ಇದೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ್ದು. ಪಕ್ಕದಲ್ಲೇ ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಇವೆ. ತಂದೆ ತಾಯಿ, ಗುರುಗಳ ಮಾತು ಕೇಳು, ಜೀವಿಗಳ ಮೇಲೆ ಕರುಣೆ ಇರಲಿ, ಸತ್ಯ ಹೇಳು ಅನ್ನೋ ಧಮ್ಮದ ಮಾತು ಆ ಕಲ್ಲಲ್ಲಿದೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ ಅಂತ. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ನೆಲಕ್ಕೆ ಬುದ್ಧನ ದಾರಿ ಬಂದಿತ್ತು ಅಂತ ಭಾಷಣದಲ್ಲಿ ಹೇಳ್ತೀವಲ್ಲ, ಅದನ್ನ ಮಕ್ಕಳಿಗೆ ಅಲ್ಲೇ ನಿಲ್ಲಿಸಿ ತೋರಿಸಿ.

ಬಸ್ಸಿನ ಹೊತ್ತನ್ನ ಹಿಂದಿನ ದಿನವೇ ಡಿಪೋದಲ್ಲಿ ಕೇಳಿಕೊಳ್ಳಿ, ಅದರಲ್ಲೂ ವಾಪಸ್ ಬರೋ ಕೊನೇ ಬಸ್ಸು. ಚಪಾತಿ, ಚಿತ್ರಾನ್ನ, ಕಡಲೆಬೀಜ ಮನೆಯಿಂದಲೇ ಆಗಲಿ. ಆದರೆ ಬೆಳಗಿನ ಜಾವ ಎದ್ದು ಬೇಯಿಸೋದು ಹೆಂಗಸು ಒಬ್ಬಳೇ ಆಗಬಾರದು. ಅವಳಿಗೂ ಅದು ಭಾನುವಾರ, ಗಂಡಸರು ಈರುಳ್ಳಿ ಹೆಚ್ಚಲಿ. ಮಳೆಗಾಲದಲ್ಲಿ ಜಲಪಾತ, ಕಲ್ಲುಕ್ವಾರಿ ನೀರಿಗೆ ಮಕ್ಕಳನ್ನ ಇಳಿಸಬೇಡಿ. ಕಾಡಲ್ಲಿ ಬೆಂಕಿ ಹಚ್ಚಬೇಡಿ. ಪ್ಲಾಸ್ಟಿಕ್ ವಾಪಸ್ ತನ್ನಿ, ಬಿಟ್ಟು ಬಂದರೆ ಅದನ್ನ ಎತ್ತೋರು ನಮ್ಮವರೇ. ದೂರದ ಊರಿಗೆ ಐದು ಮನೆ ಸೇರಿ ತಿಂಗಳಿಗೆ 200 ರೂಪಾಯಿ ಎತ್ತಿಟ್ಟರೆ ಆರು ತಿಂಗಳಿಗೆ 6,000 ಆಗುತ್ತೆ. ಚೀಟಿಗೆ, ಹಬ್ಬದ ಸಾಲಕ್ಕೆ ಕಟ್ಟೋರಿಗೆ ಇದು ಆಗದ ಮಾತಲ್ಲ.

ಎಲ್ಲಾ ಲೆಕ್ಕಕ್ಕೆ ಸಿಗುತ್ತೆ, ಒಂದು ಬಿಟ್ಟು. ಮಲೆನಾಡಿನ ಕಡೆ ಒಂದು ಹೋಂಸ್ಟೇಗೆ ಫೋನ್ ಮಾಡಿದ್ದೆ. ರೂಮಿದೆ ಅಂದರು, ರೇಟು ಹೇಳಿದರು, ಹೆಸರು ಕೇಳಿದರು, ಊರು ಕೇಳಿದರು. ಆಮೇಲೆ, "ತಪ್ಪು ತಿಳೀಬೇಡಿ, ನೀವು ಯಾವ ಜನ?" ಹೇಳಿದೆ. ಹತ್ತು ನಿಮಿಷದಲ್ಲಿ ರೂಮು ಭರ್ತಿ ಆಗಿತ್ತು. 1901ರ ಸ್ಟೇಷನ್ ಮಾಸ್ತರನೂ ಇದನ್ನೇ ಕೇಳಿದ್ದು. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಮನರಂಜನೆಯ ಜಾಗ, ಸರ್ಕಾರದ ದುಡ್ಡಲ್ಲಿ ನಡೆಯೋ ಕೆರೆ, ಬಾವಿ, ಸ್ನಾನಘಟ್ಟ, ರಸ್ತೆ ಯಾವುದರಲ್ಲೂ ಜಾತಿಯ ತಡೆ ಇರಬಾರದು ಅಂತ ಹೇಳುತ್ತೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೋಟೆಲು ಅಂದರೆ ಲಾಡ್ಜೂ ಸೇರಿದೆ. ಹಾಗಾಗಿ ರೂಮು ಕೇಳುವಾಗ ಮೆಸೇಜಿನಲ್ಲೇ ಕೇಳಿ, ಉತ್ತರ ಉಳಿಸಿಕೊಳ್ಳಿ. ಜಾತಿ ಕೇಳಿದರೆ ಒಬ್ಬರೇ ನುಂಗಿಕೊಳ್ಳಬೇಡಿ, ಸಂಘಟನೆಗೆ ತಿಳಿಸಿ.

ಸರ್ಕಾರಕ್ಕೂ ಕೇಳೋದಿದೆ. ಶಕ್ತಿ ಬಸ್ಸು ತಾಲೂಕು ಕೇಂದ್ರಕ್ಕೆ ಬಿಡುತ್ತೆ, ಅಲ್ಲಿಂದ ಬೆಟ್ಟದ ಬುಡಕ್ಕೆ ಬಸ್ಸಿನದ್ದಕ್ಕಿಂತ ಆಟೋ ಬಾಡಿಗೆಯೇ ಜಾಸ್ತಿ. ಭಾನುವಾರ ಒಂದು ಸರ್ಕಾರಿ ಬಸ್ಸು ಅಲ್ಲಿಗೂ ಓಡಲಿ. ಕುಡಿಯೋ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ ಆಗಲಿ. ರೆಸಾರ್ಟು ಬೇಡ, ಕೂಲಿ ಮಾಡೋ ಕುಟುಂಬ ಒಂದು ರಾತ್ರಿ ಮಲಗೋ ಹಾಗೆ ಕಡಿಮೆ ಬಾಡಿಗೆಯ ಡಾರ್ಮಿಟರಿ ಕಟ್ಟಿ. ಹಾಸ್ಟೆಲ್ ಮಕ್ಕಳನ್ನ ವರ್ಷಕ್ಕೊಮ್ಮೆ ಕಾಡಿಗೆ ಕರಕೊಂಡು ಹೋಗಿ. ಇದಕ್ಕೆ ಎಸ್‌ಸಿಎಸ್‌ಪಿ, ಟಿಎಸ್‌ಪಿ ದುಡ್ಡಿಗೆ ಕೈ ಹಾಕಬೇಡಿ, ಪ್ರವಾಸೋದ್ಯಮದ ದುಡ್ಡಲ್ಲೇ ಮಾಡಿ.

ಭೂಮಿ, ಮೀಸಲಾತಿ, ಕೂಲಿ ಎಲ್ಲದಕ್ಕೂ ಹೋರಾಡೋಣ, ಬಿಡೋದು ಬೇಡ. ಅದರ ಜೊತೆ ಮಕ್ಕಳಿಗೆ ಒಂದು ಭಾನುವಾರವೂ ಇರಲಿ. ನಿಮ್ಮ ತಾಲೂಕಿನಲ್ಲಿ ಬಸ್ಸಿಗೆ ಸಿಗೋ ಬೆಟ್ಟ, ಕೆರೆ, ಕಾಡು ಯಾವುದಿದೆ, ಕೊನೇ ಬಸ್ಸು ಎಷ್ಟು ಹೊತ್ತಿಗೆ ಅಂತ ಕೆಳಗೆ ಕಾಮೆಂಟಲ್ಲಿ ಬರೀರಿ. ಜಿಲ್ಲಾವಾರು ಪಟ್ಟಿ ಮಾಡಿ ಹಾಕೋ ಕೆಲಸ ನನಗಿರಲಿ.

ಜೈ ಭೀಮ್.