ನೇಕಾರನು ಕಲಾವಿದನಲ್ಲವೆ?

ಕಲೆಯು ಪ್ರತಿಭೆಯ ಫಲ, ಕೈಕಸಬು ಬರಿಯ ಅಭ್ಯಾಸದ ಫಲ ಎಂದು ವಿದ್ಯಾವಂತರಲ್ಲಿ ಅನೇಕರು ನಂಬಿರುವರು. ಈ ನಂಬಿಕೆಯು ಎಷ್ಟು ಟೊಳ್ಳೆಂಬುದಕ್ಕೆ ಪಶ್ಚಿಮ ಆಫ್ರಿಕದ ಘಾನಾ ದೇಶವೇ ಸಾಕ್ಷಿ.

ಆ ದೇಶದಲ್ಲಿ ಅಸಾಂಟೆ ಜನರೂ ಎವೆ ಜನರೂ ‘ಕೆಂಟೆ’ ಎಂಬ ವಸ್ತ್ರವನ್ನು ನೆಯ್ಯುವರು. ಕಿರಿದಾದ ಮಗ್ಗದಲ್ಲಿ ಸುಮಾರು ೪ ಅಂಗುಲ ಅಗಲದ ಪಟ್ಟಿಗಳನ್ನು ನೆಯ್ದು, ಅಂಚಿಗೆ ಅಂಚು ಕೂಡಿಸಿ ಹೊಲಿದರೆ ಒಂದು ಹೊದಿಕೆಯಾಗುವುದು. ಕಸಬುದಾರನು ಹಿಂದಿನವರ ಮಾದರಿಯನ್ನೇ ಮತ್ತೆ ಮತ್ತೆ ಮಾಡುವನಲ್ಲದೆ ತನ್ನ ಕಾಲವನ್ನು ಕಾಣನೆಂದು ಆಕ್ಷೇಪಿಸುವವರುಂಟು. ಇದು ಸಲ್ಲದ ಮಾತು. ಕೆಂಟೆಯ ವಿನ್ಯಾಸಗಳಿಗೆ ಒಂದೊಂದಕ್ಕೂ ಹೆಸರುಂಟು. ರಾಷ್ಟ್ರನಾಯಕ ಕ್ವಾಮೆ ಎನ್‌ಕ್ರುಮಾ ಅವರು ೧೯೫೭ರ ಕೊನೆಯಲ್ಲಿ ಫಾತಿಯಾ ಎಂಬುವರನ್ನು ವರಿಸಿದ ಮೇಲೆ ಒಂದು ವಿನ್ಯಾಸಕ್ಕೆ ‘ಫಾತಿಯಾ ಎನ್‌ಕ್ರುಮಾನಿಗೆ ತಕ್ಕವಳು’ ಎಂಬ ಹೆಸರಾಯಿತು. ೧೯೬೬ರಲ್ಲಿ ಅವರು ಪದಚ್ಯುತರಾಗಲು, ಅದೇ ವಿನ್ಯಾಸವು ‘ಒಬ್ಬನೇ ನಾಡನ್ನಾಳಲಾಗದು’ ಎನಿಸಿಕೊಂಡಿತು. ರಾಜ್ಯದ ಏಳುಬೀಳುಗಳನ್ನು ಹೀಗೆ ನುಡಿಯಬಲ್ಲ ವಸ್ತ್ರವು ಕಲೆಯಲ್ಲದೆ ಮತ್ತೇನು?

ಎವೆ ಜನರಲ್ಲಿಯೇ ೧೯೪೪ರಲ್ಲಿ ಜನಿಸಿದ ಶಿಲ್ಪಿ ಎಲ್ ಅನಾಟ್ಸುಯಿ ಅವರ ತಂದೆಯೂ ಅಣ್ಣಂದಿರೂ ಕೆಂಟೆ ನೆಯ್ದವರು. ಅನಾಟ್ಸುಯಿ ಅವರಾದರೋ ಮದ್ಯದ ಸೀಸೆಗಳ ಲೋಹದ ಮುಚ್ಚಳಗಳನ್ನು ತಟ್ಟಿ, ತಾಮ್ರದ ತಂತಿಯಿಂದ ಹೆಣೆದು, ವಸ್ತ್ರದಂತೆ ಮಡಿಕೆಗೊಳ್ಳುವ ಮಹಾಕೃತಿಗಳನ್ನು ನಿರ್ಮಿಸಿದರು. ವೆನಿಸ್ ನಗರದ ಕಲಾಪ್ರದರ್ಶನವು ೨೦೧೫ರಲ್ಲಿ ಜೀವಮಾನದ ಸಾಧನೆಗಾಗಿ ಅವರಿಗೆ ಸ್ವರ್ಣಸಿಂಹ ಪುರಸ್ಕಾರವನ್ನಿತ್ತಿತು. ಅದು ಯೋಗ್ಯವಾದ ಗೌರವವೇ ಸರಿ. ಆದರೆ ಮಗನು ಲೋಹದಿಂದ ಹೆಣೆದುದು ಕಲೆ, ತಂದೆಯು ನೂಲಿನಿಂದ ನೆಯ್ದುದು ಕಸಬು ಎಂಬ ವಿಂಗಡಣೆಗೆ ನ್ಯಾಯವೆಲ್ಲಿ? ಈ ಗೆರೆಯನ್ನು ಎಳೆದುದು ಕೃತಿಯ ಗುಣವಲ್ಲ, ಕೊಳ್ಳುವವನ ಅಂತಸ್ತು.

ಇದು ಬರಿಯ ಶಬ್ದವಿವಾದವೆಂದು ತಳ್ಳಿಹಾಕತಕ್ಕದ್ದಲ್ಲ. ಹೊರದೇಶಗಳ ಗಿರಣಿಗಳಲ್ಲಿ ಕೆಂಟೆಯ ವಿನ್ಯಾಸವನ್ನು ಅಚ್ಚೊತ್ತಿದ ಅಗ್ಗದ ಬಟ್ಟೆಯು ಕೆಂಟೆಯೆಂಬ ಹೆಸರಿನಿಂದಲೇ ಮಾರಾಟವಾಗುತ್ತಿದೆ. ಕಲಾವಿದನ ಕೃತಿಯನ್ನು ನಕಲುಮಾಡಿದರೆ ಕಳವು. ಕಸಬುದಾರನದನ್ನು ನಕಲುಮಾಡಿದರೆ ವ್ಯಾಪಾರ! ಘಾನಾದ ೨೦೦೫ರ ಕೃತಿಸ್ವಾಮ್ಯ ಶಾಸನವು ಇಂತಹ ಪರಂಪರಾಗತ ಕೃತಿಗಳ ಹಕ್ಕನ್ನು ಪ್ರಜೆಗಳ ಪರವಾಗಿ ರಾಷ್ಟ್ರಾಧ್ಯಕ್ಷರಿಗೆ ವಹಿಸಿದೆ. ಮಗ್ಗದ ಮುಂದೆ ಕುಳಿತವನಿಗಲ್ಲ. ೨೦೨೪ರಲ್ಲಿ ಯುನೆಸ್ಕೊ ಸಂಸ್ಥೆಯು ಕೆಂಟೆಯ ನೆಯ್ಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷವೇ; ಆದರೆ ಹೊಗಳಿಕೆಯಿಂದ ಹೊಟ್ಟೆ ತುಂಬದು.

ಕೈಯಿಂದ ನೆಯ್ದುದಕ್ಕೆ ಮಾತ್ರವೇ ಕೆಂಟೆಯೆಂಬ ಹೆಸರು ಸಲ್ಲಬೇಕು. ಪ್ರದರ್ಶನಶಾಲೆಗಳು ಶಿಲ್ಪಿಯ ಹೆಸರನ್ನು ಬರೆಯುವಂತೆ ನೇಕಾರನ ಹೆಸರನ್ನೂ ವಸ್ತ್ರದ ಬಳಿಯಲ್ಲಿ ಬರೆಯಬೇಕು. ಕೊಳ್ಳುವವರು ಬೆಲೆಯನ್ನು ಕೇಳುವ ಮೊದಲು ನೆಯ್ದವನಾರೆಂದು ಕೇಳಬೇಕು. ಅಲ್ಲಿಯವರೆಗೆ ಪರಂಪರೆಯ ಮೇಲಿನ ಅಭಿಮಾನವೆಲ್ಲವೂ ಬಾಯಿಮಾತೇ ಸರಿ.